ಮೂರನೆಯ ನಾಜಲಿನ ಕೆಮ್ಮು

ಲಾರಿಯ ಆ ಕೆಮ್ಮು ಬಿಡಿಸುವುದಕ್ಕೆ ದೇವು ಗೌಡ ಈವರೆಗೆ ಸುರಿದದ್ದು ಸಾವಿರದ ಮುನ್ನೂರ ಹನ್ನೆರಡು ರೂಪಾಯಿ.

ಹೊಳನಗದ್ದೆಯ ತನ್ನ ಈರುಳ್ಳಿ ಗದ್ದೆಯ ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತು, ಬೆರಳು ಮಡಚಿ ಮಡಚಿ ಲೆಕ್ಕ ಹೇಳಿದ. ಹೊಸ ನಾಜಲಿಗೆ ತೊಂಬತ್ತು. ರಿಂಗ್ ಸೆಟ್ಟಿಗೆ ನಾನೂರ ಇಪ್ಪತ್ತು. ಡೀಸೆಲ್ ಪಂಪು ಬಿಚ್ಚಿ ಕಟ್ಟಿದ್ದಕ್ಕೆ ಮುನ್ನೂರು. ಹೆಡ್ಡು ಇಳಿಸಿ ಏರಿಸಿದ ಕೂಲಿ, ಗ್ಯಾಸ್ಕೆಟ್ಟು ಸೇರಿ ನಾನೂರ ಎಂಬತ್ತು.

"ಇನ್ನು ಇಪ್ಪತ್ತೆರಡು ಉಳೀತಲ್ಲ, ಅದು ಎಂತಕ್ಕೆ?" ಭಟ್ಕಳದ ಕಡೆಯಿಂದ ಬಂದ ಬೋಟು ಮೇಸ್ತ್ರಿ ಶನಿಯಾರ ಕೇಳಿದ.

"ಕೋಳಿಗೆ ಹದಿನೆಂಟು. ಎರಡು ಕಾಯಿಗೆ ನಾಕು." ದೇವು ನಗಲಿಲ್ಲ. "ಕುಮಟೆಯ ಮೂರು ಮೇಸ್ತ್ರಿಗಳು ಕೈಬಿಟ್ಟ ಮೇಲೆ ಭೂತಕ್ಕೆ ಕೊಟ್ಟದ್ದು."

"ಸುಮ್ನಾತಾ?"

"ಕೋಳಿ ತಿಂತು ಮೇಸ್ತ್ರೀ. ಕೆಮ್ಮೂದು ಬಿಡಲಿಲ್ಲ."

ಬಾವಿಕಟ್ಟೆಯ ಮೇಲೆ ಖಾಲಿ ಮೀನುಬುಟ್ಟಿ ಮಡಿಲಲ್ಲಿಟ್ಟುಕೊಂಡು ಕೂತಿದ್ದ ದುರ್ಗಮ್ಮ ಈ ಮಾತಿಗೆ ತಲೆಯೆತ್ತಿದಳು. ಬೆಳಿಗ್ಗೆ ಭಟ್ಕಳದಲ್ಲಿ ಬಸ್ಸು ಹತ್ತಿದಾಗಿನಿಂದ ಅವಳು ಆಡಿದ್ದು ಎರಡೇ ಮಾತು. ಹೊನ್ನಾವರದಲ್ಲಿ "ನೀರು ಬೇಡ" ಅಂದಿದ್ದಳು. ಧಾರೇಶ್ವರದಲ್ಲಿ "ಇಲ್ಲೇ ಅಲ್ವಾ ನೀವು ಕೇಳಿದ್ದು" ಅಂದಿದ್ದಳು.

ಹೌದು, ಅಲ್ಲೇ. ಒಂಬತ್ತು ದಿನದ ಹಿಂದೆ, ನಿಂತ ಬಸ್ಸಿನ ಕಿಟಕಿ ಸರಳಿಗೆ ಬಾಯಿ ಒರಗಿಸಿ ತೂಕಡಿಸುತ್ತಿದ್ದ ಶನಿಯಾರನ ಹಲ್ಲಿನೊಳಗೆ, ಪಕ್ಕದಲ್ಲಿ ಬಂದು ನಿಂತ ತರಕಾರಿ ಲಾರಿಯೊಂದು ಕೆಮ್ಮಿತ್ತು. ಹತ್ತು ತಿಂಗಳ ಹಿಂದೆ ಬೋಟಿನ ಜೊತೆ ಕಡಲಡಿ ಸೇರಿದ ಎಂಜಿನ್ನಿನ ಕೆಮ್ಮು.

ಆ ಬೋಟಿನ ಹೆಸರು 'ಬೆಳ್ಳಿಗಂಗೆ'. ಅದರ ಎಂಜಿನ್ ಡ್ರೈವರ ಜಟ್ಟ, ದುರ್ಗಮ್ಮನ ಗಂಡ, ಶನಿಯಾರನ ಕೈಯಲ್ಲಿ ಕೆಲಸ ಕಲಿತವನು. ಬೋಟು ಮುಳುಗಿದ ದಿನ ಅವನ ಜೊತೆಗಿದ್ದವನು ಬಲೆ ಎಳೆಯುವ ರಾಮ, ಇಪ್ಪತ್ತೆರಡರ ಹುಡುಗ. ಮೂರನೆಯ ದಿನ ರಾಮನ ಹೆಣ ಧಾರೇಶ್ವರದ ದಂಡೆಗೆ ಬಂತು. ನಾಲ್ಕು ಹಲಗೆ ಬಂದವು. ಜಟ್ಟ ಬರಲಿಲ್ಲ. ಶಾಫ್ಟಿನ ಬುಡದ ಬಿಗಿ ಸಡಿಲಾಗಿ ನೀರು ನುಗ್ಗಿತು, ಅದನ್ನು ಬಿಗಿದವನು ಶನಿಯಾರ ಮೇಸ್ತ್ರಿ ಎಂದು ತನಿಖೆಯ ಕಾಗದದಲ್ಲಿ ಬರೆದು ಮುಗಿಸಿದರು. ಅಂದಿನಿಂದ ಅವನ ಶೆಡ್ಡಿಗೆ ಬೋಟಿನವರು ಬರುವುದು ನಿಂತಿತ್ತು.

"ಚಾಲೂ ಮಾಡಿ ಗೌಡ್ರೆ" ಎಂದ ಶನಿಯಾರ.

ನೆತ್ತಿಯ ಮೇಲೆ ಬಿಸಿಲು. ಹೊನ್ನೆ ಮರದ ಕೆಳಗೆ ನೀಲಿ ಬಣ್ಣದ ಹಳೆ ಲಾರಿ ನಿಂತಿತ್ತು. ಗದ್ದೆಯಲ್ಲಿ ದೇವುವಿನ ತಾಯಿ ಲಕ್ಕಿ ಕಳೆ ಕೀಳುತ್ತ ಪದ ಹೇಳುತ್ತಿದ್ದಳು. ಒಂದೇ ರಾಗ, ಎಳೆದು ಎಳೆದು, ತನ್ನಷ್ಟಕ್ಕೆ ತಾನು. ಗಾಳಿ ಇನ್ನೂ ಎದ್ದಿರಲಿಲ್ಲ. ಈರುಳ್ಳಿ ಎಲೆ ಒಂದೂ ಅಲುಗುತ್ತಿರಲಿಲ್ಲ.

ಎಂಜಿನ್ನು ಚಾಲೂ ಆಯಿತು.

ಶನಿಯಾರನ ಕಿವಿ ಅರ್ಧ ಸತ್ತಿತ್ತು. ಮೂವತ್ತು ವರ್ಷ ಎಂಜಿನ್ನುಗಳ ನಡುವೆ ಉಂಡು ಮಲಗಿದವನಿಗೆ ಕಿವಿ ಉಳಿಯುವುದಿಲ್ಲ. ಆದರೆ ಅವನ ಕೆಲಸ ನಿಂತಿದ್ದದ್ದು ಹಲ್ಲಿನ ಮೇಲೆ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಮರದ ಹಿಡಿಯನ್ನು ಹಲ್ಲಲ್ಲಿ ಕಚ್ಚಿ ಕಣ್ಣು ಮುಚ್ಚಿದರೆ, ಕಬ್ಬಿಣದೊಳಗಿನ ಮಾತು ನೇರ ತಲೆಬುರುಡೆಗೆ ಬರುತ್ತಿತ್ತು.

ಒಂದನೆಯ ಸಿಲಿಂಡರು ಸರಿ. ಎರಡನೆಯದು ಸರಿ. ಮೂರನೆಯದಕ್ಕೆ ಒತ್ತಿದ.

ಟಕ್ ಟಕ್ ಟಕ್ ಟಕ್ ಟಕ್ ಟಕ್ ಟಕ್. ಆಮೇಲೆ ಒಂದು ತಡೆ. ಗಂಟಲಲ್ಲಿ ಕಫ ಸಿಕ್ಕಿಕೊಂಡವನು ಮಾತಾಡಲು ಹೊರಟು ನಿಂತ ಹಾಗೆ. ಆಮೇಲೆ 'ಖ್ಖೊಃ'.

ಗದ್ದೆಯಲ್ಲಿ ಲಕ್ಕಿಯ ಪದ ನಡುವೆಯೇ ನಿಂತಿತು. ಮುದುಕಿ ಲಾರಿಯ ಕಡೆ ನೋಡದೆ ಎಡಕ್ಕೆ ಉಗುಳಿದಳು.

ದುರ್ಗಮ್ಮ ಎದ್ದು ನಿಂತಿದ್ದಳು. ಬುಟ್ಟಿ ಉರುಳಿ ಬಾವಿಕಟ್ಟೆಯಿಂದ ಕೆಳಗೆ ಬಿದ್ದಿತ್ತು. ಬೋಟಿನಲ್ಲಿದ್ದವರೆಲ್ಲ ಹಿಂದೆ ತಮಾಷೆ ಮಾಡುತ್ತಿದ್ದರು: ಜಟ್ಟನ ಬೀಡಿ ಕೆಮ್ಮು ಎಂಜಿನ್ನಿಗೂ ಹತ್ತಿದೆ ಎಂದು. ಅವಳು ದಡದಲ್ಲಿ ನಿಂತು ಕಾಯುವಾಗ, ಮಂಜಿನಲ್ಲಿ ಬೋಟು ಕಾಣುವ ಮೊದಲೇ ಆ ಕೆಮ್ಮು ಕೇಳಿ ಒಲೆಗೆ ಸೌದೆ ಹಾಕಲು ಓಡುತ್ತಿದ್ದಳು.

"ನಿಲ್ಲಿಸಿ, ನಿಲ್ಲಿಸಿ!" ಎಂದಳು. "ನಂಗೆ ಕೇಳೂಕಾಗೂದಿಲ್ಲ."

ದೇವು ನಿಲ್ಲಿಸಿದ. ಎಂಜಿನ್ನು ನಿಂತ ಮೇಲೆ ಇನ್ನೊಮ್ಮೆ, ಒಳಗೊಳಗೇ, ಕೆಮ್ಮಿ ತಣ್ಣಗಾಯಿತು.

ಶನಿಯಾರ ಚೀಲದಿಂದ ರಟ್ಟಿನ ಹೊದಿಕೆಯ ದಪ್ಪ ಪುಸ್ತಕ ತೆಗೆದ. ಅವನ ಊರಾದ ತೆಂಗಿನಗುಂಡಿಯ ಬಂದರಿನಲ್ಲಿ ಎಲ್ಲರೂ ಅದನ್ನು ಎಂಜಿನ್ನುಗಳ ಜಾತಕ ಎನ್ನುತ್ತಿದ್ದರು. ಮೊದಮೊದಲು ಅವನು ಎಂಜಿನ್ನು ಕೆಟ್ಟ ದಿನ ಮಾತ್ರ ಬರೆದಿಡುತ್ತಿದ್ದ: ಇಂಥದ್ದು ಮುರಿಯಿತು, ಇಂಥದ್ದು ಹಾಕಿದೆ. ಎಪ್ಪತ್ತಾರರಲ್ಲಿ ನೆರೆಯವನ ಬೋಟೊಂದು ಬೇರಿಂಗು ಹಿಡಿದು ನಡುಗಡಲಲ್ಲಿ ನಿಂತು, ಇಬ್ಬರು ಬಾಯಾರಿ ಸತ್ತರು. ಆ ಎಂಜಿನ್ನು ಹಾಳಾಗುವ ಮೊದಲು ಆರು ತಿಂಗಳು ನರಳಿರಬೇಕು. ಚೆನ್ನಾಗಿದ್ದಾಗ ಅದರ ದನಿ ಹೇಗಿತ್ತು ಎಂದು ಬರೆದಿಟ್ಟಿರಲಿಲ್ಲವಾಗಿ, ನರಳಿದ್ದು ಅವನಿಗೆ ತಿಳಿಯಲಿಲ್ಲ. ಅಂದಿನಿಂದ ಎಂಜಿನ್ನು ಆರೋಗ್ಯವಾಗಿದ್ದಾಗಲೇ ಬರೆಯತೊಡಗಿದ. ತಿಂಗಳಿಗೊಮ್ಮೆ ಹಲ್ಲಿಟ್ಟು ಕೇಳಿದ್ದು, ಹೊಗೆಯ ಬಣ್ಣ, ಕೈಗೆ ತಾಗಿದ ಬಿಸಿ. ಆಮೇಲೆ ಒತ್ತುಕಾಗದದ ಚೂರಿಗೆ ಒಂದು ಹನಿ ಆಯಿಲ್ ಬಿಟ್ಟು, ಅದು ಹರಡಿ ಒಣಗಿದ ಮೇಲೆ ತಾರೀಖು ಹಾಕಿ ಅಂಟಿಸುವುದನ್ನೂ ಕಂಡುಕೊಂಡ. ಒಂದು ಎಂಜಿನ್ನಿನ ಐದು ವರ್ಷದ ಹನಿಗಳನ್ನು ಸಾಲಾಗಿ ನೋಡಿದರೆ, ಅದಕ್ಕೆ ವಯಸ್ಸಾಗುವುದು ಕಣ್ಣಿಗೆ ಕಾಣುತ್ತಿತ್ತು.

ಬೆಳ್ಳಿಗಂಗೆಯ ಹಾಳೆ ತೆರೆದ. ಲಾರಿಯ ಆಯಿಲ್ ಕಡ್ಡಿ ಎಳೆದು, ಒತ್ತುಕಾಗದಕ್ಕೆ ಒಂದು ಹನಿ ಬಿಟ್ಟು, ಬಿಸಿಲಿಗೆ ಹಿಡಿದ. ನಡುವೆ ಕಪ್ಪು, ಸುತ್ತ ಕಂದು, ಅಂಚಿನಲ್ಲಿ ಚಿನ್ನದ ಪುಡಿಯಂಥ ಹೊಳಪು. ಕಳೆದ ವರ್ಷದ ಕೊನೆಯ ಹನಿಯ ಅಂಚಿನಲ್ಲೂ ಅದೇ ಹೊಳಪು ಇತ್ತು, ಇದಕ್ಕಿಂತ ತೆಳ್ಳಗೆ.

"ಗೌಡ್ರೆ, ಈ ಎಂಜಿನ್ನು ನಿಮ್ಗೆ ಎಲ್ಲಿ ಸಿಕ್ತು?"

ದೇವು ನಟ್ಟು ಬಿಚ್ಚುವ ಪಾನಾ ಎತ್ತಿಕೊಂಡು ಅದನ್ನೇ ಒರೆಸತೊಡಗಿದ. "ಗುಜರಿಯಲ್ಲಿ."

"ಯಾರ ಗುಜರಿ?"

"ಎಂತಕ್ಕೆ ಅದೆಲ್ಲ? ನೀವು ಕೆಮ್ಮು ಬಿಡಿಸೂಕೆ ಬಂದವ್ರೋ, ಪಂಚನಾಮೆ ಮಾಡೂಕೆ ಬಂದವ್ರೋ?"

"ನಂಬರಿನ ಜಾಗ ಕಾನಸಿನಲ್ಲಿ ಉಜ್ಜಿ ಅಳಿಸಿದ್ದಾರೆ. ಒಳ್ಳೆ ಎಂಜಿನ್ನಿನ ನಂಬರು ಯಾರೂ ಉಜ್ಜೂದಿಲ್ಲ."

ದೇವು ಎದ್ದು ನಿಂತ. ಪಾನಾ ಹಿಡಿದ ಕೈ ಬಿಗಿಯಾಯಿತು. "ಪೋಲೀಸರ ಕಡೆಯವ್ನಾ ನೀನು?"

"ಆಗಿದ್ರೆ ಬಸ್ಸಲ್ಲಿ ನಿಂತ್ಕೊಂಡು ಬತ್ತಿದ್ನಾ ಮಾರಾಯಾ? ಜೀಪಲ್ಲಿ ಬಂದು ನಿನ್ನ ಈರುಳ್ಳಿ ಕಿತ್ಕೊಂಡು ಹೋಗ್ತಿದ್ದೆ."

"ಅಪ್ಪನ ಕಾಲದ ಎರಡು ಗುಂಟೆ ಮಾರಿ ಮಾಡಿದ ಲಾರಿ ಇದು. ಕಳ್ಳಮಾಲು ಅಂತ ಎಳ್ಕೊಂಡು ಹೋದ್ರೆ ನಾನು, ನನ್ನ ಅಬ್ಬೆ, ಹೊಟ್ಟೆಗೆ ಎಂತ ಮಾಡೂದು? ನಡೀರಿ, ಇಬ್ಬರೂ ನಡೀರಿ."

ಶನಿಯಾರ ಬಾಯಿ ತೆರೆಯುವ ಮೊದಲೇ ದುರ್ಗಮ್ಮ ಮುಂದೆ ಬಂದಳು. ಅವಳ ಎರಡೂ ಕೈತುಂಬ ಹಸಿರು ಬಳೆ ಇದ್ದವು.

"ಗೌಡ್ರೆ, ನಿಮ್ಮ ಲಾರಿ ನಂಗೆ ಬೇಡ. ಎಂಜಿನ್ನೂ ಬೇಡ. ಬರೂ ಗುರುವಾರ ನಮ್ಮತ್ತೆ ಈರಮ್ಮ, ಮಗನ ಬೊಜ್ಜ ಇಟ್ಕೊಂಡಾರೆ. ಹೆಣ ಸಿಗದಿದ್ರೂ ದರ್ಭೆ ಗೊಂಬೆ ಸುಟ್ಟು ಮುಗಿಸೂದಂತೆ. ಅವತ್ತು ಈ ಬಳೆ ಒಡೀತಾರೆ. ಒಡೀಬೇಕೋ ಬೇಡ್ವೋ, ಅದೊಂದು ನಂಗೆ ತಿಳೀಬೇಕು. ಮತ್ತೆಂತ ನಾ ಕೇಳೂದಿಲ್ಲ."

ದೇವು ಅವಳ ಕೈ ನೋಡಿದ. ನೆಲ ನೋಡಿದ.

"ಹೇಳು ತಮಾ" ಎಂದಳು ಲಕ್ಕಿ. ಗದ್ದೆಯಿಂದ ಯಾವಾಗ ಬಂದು ಅವನ ಬೆನ್ನ ಹಿಂದೆ ನಿಂತಿದ್ದಳೋ. "ಹೇಳದಿದ್ರೆ ನಾ ಹೇಳ್ತೆ. ಹೆಂಗ್ಸಿನ ಬಳೆ ಮೇಲೆ ನಮ್ಮ ಲಾರಿ ಓಡೂದು ಬೇಡ."

ಪಾನಾ ಕೆಳಗಿಳಿಯಿತು. ದೇವು ಹೇಳತೊಡಗಿದ.

ಹೋದ ಮಳೆಗಾಲದಲ್ಲಿ, ಹೊನ್ನಾವರದ ಹೊಳೆದಂಡೆಯಲ್ಲಿ, ತೆಂಗಿನ ಗರಿಯ ಮರೆಯಲ್ಲಿ ಈ ಎಂಜಿನ್ನು ಗೋಣಿ ಹೊದ್ದು ಕೂತಿತ್ತು. ಮಾರಿದವನು ಕಂಬಳಿಕೊಪ್ಪೆಯನ್ನು ಮೂಗಿನವರೆಗೆ ಎಳೆದುಕೊಂಡಿದ್ದ. ಒಂದು ಮಾತೂ ಆಡಲಿಲ್ಲ. ರೇಟನ್ನು ಬೆರಳಲ್ಲೇ ತೋರಿಸಿದ. ದುಡ್ಡು ತಗೊಂಡು ಮಳೆಯಲ್ಲಿ ಹೋದ.

"ಎಂಜಿನ್ನಿಗೆ ಉಪ್ಪುನೀರು ಹೊಕ್ಕಿತ್ತಾ?"

"ಒಂದು ಹನಿ ಇರಲಿಲ್ಲ. ಒಣಗಿದ ಕೊಬ್ಬರಿ ಹಂಗಿತ್ತು."

ಶನಿಯಾರ ಬೆವರು ಒರೆಸಿಕೊಂಡ. ಮುಳುಗಿದ ಎಂಜಿನ್ನಿನ ಒಳಗೆ ಉಪ್ಪು ತುಕ್ಕು ಹಿಡಿಯದೆ ಇರದು. ಅಂದರೆ ಇದು ಮುಳುಗಲೇ ಇಲ್ಲ. ಇಷ್ಟು ಭಾರದ್ದನ್ನು ನಡುಗಡಲಲ್ಲಿ ಎತ್ತುವುದಕ್ಕಾಗದು. ದಡದಲ್ಲಿ, ಕಪ್ಪಿ ಹಗ್ಗ ಕಟ್ಟಿ, ಅರ್ಧ ದಿನ ನಿಧಾನಕ್ಕೆ ಮಾಡಬೇಕಾದ ಕೆಲಸ. ಎಂಜಿನ್ನಿಲ್ಲದ ಬೋಟು ತಾನಾಗಿ ಕಡಲಿಗೆ ಹೋಗಿ ಮುಳುಗುವುದೂ ಇಲ್ಲ. ಹಾಗಾದರೆ ಅದರೊಳಗಿದ್ದ ರಾಮ ಎಲ್ಲಿ ಸತ್ತ? ಹೇಗೆ?

ಆ ಪ್ರಶ್ನೆಯನ್ನು ದುರ್ಗಮ್ಮನ ಎದುರು ಕೇಳಲಿಲ್ಲ.

"ಮತ್ತೊಂದು ಅದೆ ಮೇಸ್ತ್ರೀ." ದೇವು ದನಿ ತಗ್ಗಿಸಿದ. ಶನಿಯಾರ ಅವನ ತುಟಿಯನ್ನೇ ನೋಡುತ್ತ ಬಗ್ಗಿದ. "ಇದನ್ನ ಯಾರಿಗೂ ಹೇಳಲಿಲ್ಲ. ಹೋದ ಅಮಾಸೆ ದಿನ, ಹಿಂಗೇ ಮಟಮಟ ಮಧ್ಯಾಹ್ನ, ಧಾರೇಶ್ವರದ ಹತ್ರ ಲಾರಿ ನಿಂತು ಹೋತು. ಕೆಮ್ಮಿ ಕೆಮ್ಮಿ ನಿಂತದ್ದು. ನಾ ಮೇಸ್ತ್ರಿಯನ್ನ ಕರೀಲಿಕ್ಕೆ ನಡ್ದು ಹೋದೆ. ಯಾರೂ ಸಿಗಲಿಲ್ಲ. ಎರಡು ತಾಸು ಬಿಟ್ಟು ಬಂದೆ. ರಸ್ತೆ ಮೇಲೆ ನರಪಿಳ್ಳೆ ಇಲ್ಲ. ಲಾರಿ ಚಾಲೂ ಇತ್ತು."

"ಚಾಲೂ?"

"ಒಬ್ಬನೂ ಇಲ್ಲ, ತನ್ನಷ್ಟಕ್ಕೆ ಓಡ್ತಾ ಅದೆ. ಕೆಮ್ಮು ಅರ್ಧಕ್ಕರ್ಧ ಇಳ್ದಿತ್ತು. ಮೊದ್ಲು ಹತ್ತು ಬಡಿತಕ್ಕೆ ಮೂರು ಸಲ ಕೆಮ್ಮೂದು, ಈಗ ಕೇಳಿದ್ರಲ್ಲ, ಏಳಕ್ಕೆ ಒಂದು, ಅಷ್ಟಕ್ಕೆ ಬಂದಿತ್ತು. ಬಾನೆಟ್ಟು ಎತ್ತಿ ನೋಡ್ತೆ, ಎಂಜಿನ್ ಮೇಲೆ ಗಂಜಿ."

"ಎಂತದು?"

"ಗಂಜಿ ಮಾರಾಯ್ರೆ! ಅನ್ನದ ಗಂಜಿ. ಬಿಸಿಗೆ ಒಣಗಿ ಅಂಟಿತ್ತು. ನಮ್ಮಬ್ಬೆ ಹೇಳೂದು, ಅದರ ಒಳಗಿದ್ದಂವ ಹೊರಗೆ ಬಂದು ಉಂಡು ಹೋಗ್ಯಾನೆ ಅಂತ. ಅವತ್ತಿಂದ ಅಬ್ಬೆ ದಿನಾ ಮಧ್ಯಾಹ್ನ ಚಕ್ರದ ಹತ್ರ ಒಂದು ತುತ್ತು ಇಡ್ತದೆ."

ಮುಂದಿನ ಚಕ್ರದ ಬುಡದಲ್ಲಿ ಬಾಳೆಲೆಯ ಚೂರು ಇತ್ತು. ಅದರ ಮೇಲೆ ಅನ್ನ. ಕಾಗೆಯೂ ಮುಟ್ಟಿರಲಿಲ್ಲ.

ಶನಿಯಾರನ ತೋಳಿನ ಕೂದಲು ನಿಂತಿತು. ಭೂತದ ಭಯದಿಂದ ಅಲ್ಲ. ಭೂತವಾಗಿದ್ದರೆ ಅವನಿಗೆ ಸಮಾಧಾನವಾಗುತ್ತಿತ್ತು.

"ಹನ್ನೆರಡರ ಪಾನಾ ಕೊಡಿ" ಎಂದ. "ಮೂರನೇ ನಾಜಲ್ ಬಿಚ್ಚಬೇಕು."

ಬಿಚ್ಚುತ್ತಿದ್ದಾಗ ಪಾನಾ ಎರಡು ಸಲ ನಟ್ಟು ತಪ್ಪಿದ್ದನ್ನು ದುರ್ಗಮ್ಮ ಕಂಡಳು. "ಎಂತ ಆತು ಶನಿಯಾರಣ್ಣ?"

"ತಡಿ ತಂಗಿ."

ಅವನಿಗೆ ನೆನಪಿದ್ದದ್ದು ಇಷ್ಟು. ಎಪ್ಪತ್ತೊಂಬತ್ತರಲ್ಲಿ ಈ ಎಂಜಿನ್ನನ್ನು ಬೋಟಿಗೆ ಇಳಿಸುವಾಗ ಹಗ್ಗ ಜಾರಿ ಹೆಡ್ಡಿಗೆ ಪೆಟ್ಟು ಬಿದ್ದಿತ್ತು. ಮೂರನೆಯ ನಾಜಲ್ ಕೂರುವ ಕುಳಿ ಕೂದಲೆಳೆಯಷ್ಟು ಓರೆಯಾಯಿತು. ಅಂಗಡಿಯ ತಾಮ್ರದ ವಾಶರು ಅಲ್ಲಿ ನಿಲ್ಲುತ್ತಿರಲಿಲ್ಲ, ತೆಳ್ಳಗಾಗುತ್ತಿತ್ತು. ಶನಿಯಾರ ಮೂರು ರಾತ್ರಿ ಯೋಚಿಸಿ, ಬ್ರಿಟಿಷರ ಕಾಲದ ಒಂದು ತೂತು ಕಾಸು ತೆಗೆದ. ಒಲೆಯಲ್ಲಿ ಕೆಂಪಗೆ ಕಾಯಿಸಿ ಮೆತ್ತಗೆ ಮಾಡಿದ. ಒಂದು ಮಗ್ಗುಲನ್ನು ಮಾತ್ರ ಕಲ್ಲಿಗೆ ತೇಯ್ದ. ದಪ್ಪ ಗಂಜಿ ಸವರಿ ಕೂರಿಸಿದ. ಬಿಸಿಗೆ ಗಂಜಿ ಸುಟ್ಟು ಅಂಟಿನ ಹಾಗೆ ಕಚ್ಚಿಕೊಂಡಿತು. ಕೆಮ್ಮು ಪೂರ್ತಿ ಹೋಗದಿದ್ದರೂ ತಾಳುವಷ್ಟಾಯಿತು. ಕಾಸಿನ ವರ್ಷ ೧೯೪೩ ಎಂದು ಜಾತಕದಲ್ಲಿ ಬರೆದ. ಕುಮಟೆಯ ಮೇಸ್ತ್ರಿಗಳು ನಾಜಲ್ ಬದಲಿಸುವಾಗ ಆ ಕಾಸನ್ನು ಕಸವೆಂದು ಬಿಸಾಡಿ ವಾಶರು ಹಾಕಿದರು. ಕೆಮ್ಮು ಹೆಚ್ಚಾದದ್ದು ಅದಕ್ಕೇ.

ಈ ಗಂಜಿ ಕಾಸಿನ ಕೆಲಸ ಭೂಮಿಯ ಮೇಲೆ ಇಬ್ಬರಿಗೆ ಗೊತ್ತಿತ್ತು. ಒಬ್ಬ ಶನಿಯಾರ. ಇನ್ನೊಬ್ಬನಿಗೆ ಅವನೇ ಕಲಿಸಿದ್ದ.

ನಾಜಲ್ ಮೇಲೆ ಬಂತು. ಅದರ ತುದಿಗೆ ಅಂಟಿಕೊಂಡು ಒಂದು ಕಾಸೂ ಬಂತು.

ಒಂದು ಮಗ್ಗುಲು ತೇಯ್ದು ನುಣುಪು. ಅಂಚಿನಲ್ಲಿ ಸುಟ್ಟ ಗಂಜಿಯ ಕಂದು ಬಳೆ. ಮಗುಚಿ ನೋಡಿದ. ಈ ಮಗ್ಗುಲಲ್ಲಿ ಕಿರೀಟ, ಅದರ ಕೆಳಗೆ ವರ್ಷ. ೧೯೪೫.

ಅವನ ಕಾಸಲ್ಲ.

ಗದ್ದೆಯ ಆಚೆಯಿಂದ ಆಗ ಕಡಲಗಾಳಿ ಎದ್ದಿತು. ಹೊನ್ನೆ ಎಲೆಗಳೆಲ್ಲ ಒಟ್ಟಿಗೆ ಸದ್ದು ಮಾಡಿದವು. ಬಾಳೆಲೆಯ ಅನ್ನದ ಮೇಲೆ ಧೂಳು ಕೂತಿತು.

"ದುರ್ಗಮ್ಮ, ಬಳೆ ಒಡೀಬೇಡ" ಎಂದ ಶನಿಯಾರ. "ಜಟ್ಟ ಬದುಕಿದ್ದಾನೆ. ಹದಿಮೂರು ದಿನದ ಹಿಂದೆ, ಆ ಅಮಾಸೆ ದಿನ, ಈ ಎಂಜಿನ್ನನ್ನ ಮುಟ್ಟಿದ್ದಾನೆ."

ಅವಳು ಅಳಲಿಲ್ಲ. ನಗಲಿಲ್ಲ. ಬಾಯಿ ಮೇಲೆ ಸೆರಗಿಟ್ಟುಕೊಂಡು ನಿಂತಳು.

ಶನಿಯಾರನಿಗೂ ಖುಷಿಪಡಲಾಗಲಿಲ್ಲ. ಅಡಗಿ ಕೂತವನು, ಸತ್ತನೆಂದು ಊರನ್ನು ನಂಬಿಸಿದವನು, ರಸ್ತೆಯಲ್ಲಿ ಕೆಮ್ಮುತ್ತ ನಿಂತ ತನ್ನ ಹಳೆ ಎಂಜಿನ್ನನ್ನು ನೋಡಿ ತಡೆಯಲಾರದೆ ಹೊರಗೆ ಬಂದಿದ್ದ. 'ರೋಗದ ಎಂಜಿನ್ನು ಕಂಡೂ ಮುಟ್ಟದೆ ಬಂದರೆ ಆ ದಿನದ ಅನ್ನ ನಿನಗೆ ಸೇರದಿರಲಿ' ಎಂದು ಹದಿನೈದು ವರ್ಷದ ಹಿಂದೆ ಅವನ ತಲೆಗೆ ಮೊಟಕಿ ಹೇಳಿದವನು ಶನಿಯಾರನೇ. ಆ ಒಂದು ಒಳ್ಳೆಯ ಬುದ್ಧಿಯೇ ಈಗ ಅವನನ್ನು ಹಿಡಿದುಕೊಟ್ಟಿತ್ತು.

"ಕಾಸು ಕೊಡಿ, ನೋಡ್ತೆ" ಎಂದಳು ದುರ್ಗಮ್ಮ.

ಅಂಗೈ ಮೇಲೆ ಇಟ್ಟ. ಅವಳು ಹೆಬ್ಬೆರಳಿನಿಂದ ಮಸಿ ಒರೆಸಿದಳು. ಕಿರೀಟದ ಮೇಲೆ ಅಡ್ಡಕ್ಕೆ ಒಂದು ಕಚ್ಚು ಕಾಣಿಸಿತು. ತೂತಿನ ಒಂದು ಬದಿ ದಾರ ತಿಂದು ಸವೆದಿತ್ತು.

ಅವಳು ಕಾಸನ್ನು ಬಿಸಿಲಿಗೆ ಹಿಡಿದಳು.

"ಶನಿಯಾರಣ್ಣ, ಇದು ನನ್ನ ಮಗಳು ಸೋಮಿಯ ಉಡಿದಾರದ ಕಾಸು."

"ಎಂತ ಹೇಳ್ತೆ ನೀನು? ತೂತು ಕಾಸು ಊರಲ್ಲಿ ಎಲ್ಲ ಮಕ್ಕಳ ಸೊಂಟದಲ್ಲೂ ಇರ್ತದೆ."

"ಈ ಕಚ್ಚು ನೋಡಿ. ಮಗೂಗೆ ಸೊಂಟದಲ್ಲಿ ಬೊಕ್ಕೆ ಎದ್ದಾಗ ಹಳೆ ದಾರ ಬಿಚ್ಚಲಿಕ್ಕೆ ಬರಲಿಲ್ಲ. ಅತ್ತೆ ಮೀನುಕತ್ತಿಯಲ್ಲಿ ಕೊಯ್ದರು, ಕತ್ತಿ ಕಾಸಿಗೆ ತಾಗಿತ್ತು. ನಾನೇ ಮಗೂನ ಹಿಡ್ಕೊಂಡಿದ್ದೆ. ಇದು ಮೊದಲು ಸೋಮಿ ಅಪ್ಪನ ಸೊಂಟದಲ್ಲಿದ್ದದ್ದು, ಅವರು ಕೂಸಾಗಿದ್ದಾಗ. ಆಮೇಲೆ ಸೋಮಿಗೆ ಕಟ್ಟಿದ್ದು."

"ಮಗುವಿನ ಸೊಂಟದಿಂದ ಇದು ಯಾವಾಗ ಹೋತು?"

ಅವಳು ಕಾಸನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. ಹೇಳುವಾಗ ಪ್ರತಿ ಮಾತನ್ನೂ ತಾನೇ ಮೊದಲ ಸಲ ಕೇಳುತ್ತಿರುವ ಹಾಗೆ ಹೇಳಿದಳು.

"ಹೋಗಲಿಲ್ಲ. ಅಮಾಸೆಯ ಹಿಂದಿನ ದಿನ ಅತ್ತೆಯೇ ಬಿಚ್ಚಿದರು. ಅಪ್ಪ ಇಲ್ಲದ ಕೂಸು, ಬೊಜ್ಜ ಮುಗಿಯೂವರೆಗೆ ಅಪ್ಪನ ಕಾಸು ಕಟ್ಟೂದು ಬೇಡ ಅಂದ್ರು. ಡಬ್ಬಿಯಲ್ಲಿ ಇಟ್ಟಿದ್ದೇನೆ ಅಂದ್ರು."

ದೇವು ಏನೋ ಕೇಳಲು ಬಾಯಿ ತೆರೆದ. ಲಕ್ಕಿ ಅವನ ಕೈ ಹಿಡಿದಳು.

ಹೆತ್ತ ತಾಯಿ, ಮಗ ಬದುಕಿರುವುದು ಗೊತ್ತಿದ್ದೂ ಅವನ ಬೊಜ್ಜದ ದಿನ ಗೊತ್ತು ಮಾಡಿದ್ದಳು. ಸೊಸೆಯ ಬಳೆ ಒಡೆಸಲು ಅವಸರ ಮಾಡುತ್ತಿದ್ದಳು. ಲಾರಿ ಕೆಮ್ಮುತ್ತ ಓಡಾಡುವುದನ್ನು ಮೊದಲೇ ಕೇಳಿದ್ದ ಮಗ ಕಾಸು ಬೇಕೆಂದಾಗ, ಮೊಮ್ಮಗಳ ಸೊಂಟದಿಂದ ಬಿಚ್ಚಿ ಕೊಟ್ಟಿದ್ದಳು. ಒಲೆಯಲ್ಲಿ ಅದನ್ನು ಕೆಂಪಗೆ ಕಾಯಿಸಿದ್ದೂ, ಗಂಜಿ ಬಸಿದು ಕೊಟ್ಟಿದ್ದೂ ಅವಳೇ ಇರಬೇಕು.

"ನಾವಿಲ್ಲಿಗೆ ಬಂದದ್ದು ಈರಮ್ಮನಿಗೆ ಗೊತ್ತಾ?" ಶನಿಯಾರ ಕೇಳಿದ.

"ಗೊತ್ತು. ಹೊಳನಗದ್ದೆಯಲ್ಲಿ ಒಂದು ಲಾರಿ ನೋಡೂಕೆ ಹೋಗ್ತೆ ಅಂದೆ. ಎಂತಕ್ಕೆ ಅಂತ ಅವರು ಕೇಳಲೇ ಇಲ್ಲ. ಹೋಗಿ ಬಾ ಅಂದ್ರು."

"ಸೋಮಿ ಎಲ್ಲಿ?"

"ಅವರ ಮಡಿಲಲ್ಲಿ. ನಾ ಹೊರಡುವಾಗ ತಲೆ ಬಾಚ್ತಾ ಇದ್ರು. ಹೊಸ ಅಂಗಿ ಹಾಕಿದ್ರು." ದುರ್ಗಮ್ಮ ಬಿದ್ದ ಬುಟ್ಟಿ ಎತ್ತಿಕೊಂಡಳು. "ಇವತ್ತು ಯಾವ ಹಬ್ಬವೂ ಅಲ್ಲ ಶನಿಯಾರಣ್ಣ. ಹೊಸ ಅಂಗಿ ಎಂತಕ್ಕೆ ಹಾಕಿದ್ರು? ಅಪ್ಪನ ಹತ್ರ ಕರ್ಕೊಂಡು ಹೋಗೂಕಾ?"

ಹೆದ್ದಾರಿಯ ಕಡೆಯಿಂದ ಬಸ್ಸಿನ ಹಾರ್ನು ಒಮ್ಮೆ ಕೇಳಿ ದೂರವಾಯಿತು. ಅದು ದುರ್ಗಮ್ಮನಿಗೆ ಕೇಳಿಸಿತು. ಶನಿಯಾರನಿಗೆ ಅವಳ ಮುಖದಲ್ಲಿ ಕಾಣಿಸಿತು.

ಆ ದಿನ ಸಿಕ್ಕಿದ್ದು ಇಷ್ಟು: ದುರ್ಗಮ್ಮ ವಿಧವೆಯಲ್ಲ, ಶನಿಯಾರನ ಕೈಕೆಲಸದಲ್ಲಿ ತಪ್ಪಿರಲಿಲ್ಲ, ರಾಮನನ್ನು ಕೊಂದದ್ದು ಕಡಲಲ್ಲ. ತಪ್ಪಿಹೋದದ್ದು ಭಟ್ಕಳದ ಮೂರು ಗಂಟೆಯ ಬಸ್ಸು. ನಾಜಲ್ ಬಿಚ್ಚಿದ ಲಾರಿ ಕೂಡಲೇ ಓಡುವಂತಿರಲಿಲ್ಲ. ಇನ್ನೊಂದು ಬಸ್ಸು ಬರುವುದು ಆರಕ್ಕೆ.